ಕೂಜದ ಮುಚ್ಚಳ

ಹಳೆಯ ಹಿತ್ತಾಳೆ ಕೊಟ್ಟು ಸ್ಟೀಲ್ ತೆಗೆದುಕೊಳ್ಳುವ ಹುಚ್ಚು ನನಗೆ ಯಾವತ್ತೂ ಇರಲಿಲ್ಲ. ಈ ವರ್ಷ ಸೊಂಟ ಹಿಡಿದುಕೊಂಡ ಮೇಲೆ, ಇವನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುವವರು ಯಾರು ಎಂದು ಅಟ್ಟದ ಪೆಟ್ಟಿಗೆ ಇಳಿಸಿ ಪಾತ್ರೆಯವನನ್ನು ಬಾಗಿಲಿಗೆ ಕರೆದೆ. ಒಂದೊಂದೇ ಎತ್ತಿ ತಕ್ಕಡಿಗೆ ಹಾಕುತ್ತಿದ್ದವನು ಒಂದು ಸಣ್ಣ ತಿರುಪಿನ ಮುಚ್ಚಳ ಹಿಡಿದು, "ಇದ್ರ ಕೂಜ ಎಲ್ಲೈತಿ ಅಜ್ಜಿ?" ಎಂದ.

ಅವನ ಕೈಯಿಂದ ಕಿತ್ತುಕೊಂಡೆ ಎಂದೇ ಹೇಳಬೇಕು. ಮಗುಚಿ ನೋಡಿದರೆ ಒಳಭಾಗದಲ್ಲಿ ಜೀರಿಗೆ ಕಾಳಿನಷ್ಟು ಕಪ್ಪು ಚುಕ್ಕೆ ಹಾಗೆಯೇ ಇತ್ತು. ನಲವತ್ತು ವರ್ಷ ದಾಟಿದೆ, ವಾಸನೆ ಉಳಿದಿರಲು ಸಾಧ್ಯವಿಲ್ಲ. ಆದರೂ ಮೂಗಿಗೆ ಹಿಡಿದೆ, ಪೆಟ್ರೋಲ್ ವಾಸನೆ ಬಂದೇ ಬಂತು…

ಆ ಕೂಜ ಎಲ್ಲಿದೆ ಎಂದು ಅವನಿಗೆ ಏನು ಹೇಳಲಿ? ಅದರ ಕುತ್ತಿಗೆ ಕತ್ತರಿಸಿ ಒಂದು ಫಟಫಟಿಗೆ ಬೆಸುಗೆ ಹಾಕಿದರಪ್ಪಾ ಎಂದರೆ ಮುದುಕಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡಾನು. "ಇದು ಕೊಡೋದಲ್ಲ, ಉಳಿದದ್ದು ತಗೊಂಡು ಹೋಗು" ಎಂದೆ.

ನಾನು ಆನವಟ್ಟಿಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದಾಗ ಮೈಸೂರು ರಾಜ್ಯ ದೊಡ್ಡದಾಗಿ ಎರಡು ಮೂರು ವರ್ಷವಾಗಿತ್ತು. ನನಗೆ ಹದಿನೆಂಟು. ಮಾವನವರದು ಬೆಲ್ಲ, ಮೆಣಸಿನಕಾಯಿಯ ಮಂಡಿ ಅಂಗಡಿ. ಮನೆಯಲ್ಲಿ ಮಾವ, ಅತ್ತೆ, ಭಾವನವರು, ನನ್ನ ಗಂಡ, ನಾನು ಐದೇ ಜನ. ಭಾವನವರು ಎಂದರೆ ನನ್ನ ಗಂಡನ ಅಣ್ಣ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಮತ್ತೆ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು.

ಗಂಡನ ಅಣ್ಣನ ಎದುರು ಸೊಸೆ ನಿಲ್ಲುವಂತಿರಲಿಲ್ಲ, ನೇರವಾಗಿ ಮಾತಾಡುವಂತಿರಲಿಲ್ಲ. ಅವರ ಕೆಮ್ಮು ಕೇಳಿದರೆ ಸೆರಗು ತಲೆ ಮೇಲೆ ಎಳೆದುಕೊಂಡು ಅಡುಗೆಮನೆ ಬಾಗಿಲ ಹಿಂದೆ ಸರಿಯಬೇಕು. ನಾನು ಆ ಮನೆಯಲ್ಲಿ ಅರ್ಧ ಆಯುಷ್ಯವನ್ನು ಬಾಗಿಲ ಹಿಂದೆಯೇ ಕಳೆದೆ ಅನ್ನಿಸುತ್ತದೆ, ಲೆಕ್ಕ ಹಾಕಿದರೆ ಎರಡು ವರ್ಷವೂ ಆಗಲಿಲ್ಲ. ಆ ಬಾಗಿಲಿನ ಒಂದೊಂದು ಗಂಟೂ ನನಗೆ ಪರಿಚಯ. ಭಾವನವರ ಮುಖ ಸರಿಯಾಗಿ ನೋಡಿದ್ದು ಬಹಳ ತಡವಾಗಿ, ದನಿ ಮಾತ್ರ ಮೊದಲ ವಾರದಲ್ಲೇ ಪಾಠವಾಗಿತ್ತು. ನನಗೆ ಹೇಳಬೇಕಾದ್ದನ್ನು ಅವರು ಅತ್ತೆಯವರಿಗೆ ಹೇಳುತ್ತಿದ್ದರು. "ಅವ್ವಾ, ಇವತ್ತು ಸಾರು ಚಲೋ ಆಗೇತಿ" ಎಂದರೆ ಅದು ನನಗೆ. ಸಾರು ಮಾಡಿದ್ದು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಅವರಿಗೆ ಅಂಗಡಿ ಎಂದರೆ ಆಗುತ್ತಿರಲಿಲ್ಲ. ಬೆಲ್ಲದ ಪೆಂಟೆಗಳ ನಡುವೆ ನೊಣ ಓಡಿಸುತ್ತಾ ಕೂತಾಗ ಮುಖದಲ್ಲಿ ಜೀವವೇ ಇರುತ್ತಿರಲಿಲ್ಲ ಎಂದು ನನ್ನ ಗಂಡ ಹೇಳುತ್ತಿದ್ದರು. ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತರೆ ಸಾಕು, ತಕ್ಕಡಿ ಅಲ್ಲೇ ಬಿಟ್ಟು ಓಡುವರು. ಮಾವನವರು ಬೈಯುವರು, ಭಾವನವರು ಮಸಿ ಕೈ ಒರೆಸಿಕೊಂಡು ಮತ್ತೆ ಬಂದು ಕೂರುವರು. ಅಷ್ಟು ದೊಡ್ಡ ಗಂಡಸನ್ನು ಕಟ್ಟಿಹಾಕಿದ ಹಾಗೆ ಒಂದು ಗಾದಿಯ ಮೇಲೆ ಕೂರಿಸಿದ್ದು ಕೇಳಿ ನನಗೆ ಸಂಕಟವಾಗುತ್ತಿತ್ತು. ನನ್ನ ಸ್ಥಿತಿಯೂ ಅದೇ ಆಗಿದ್ದರಿಂದ ಸ್ವಲ್ಪ ಹೆಚ್ಚೇ ಆಗುತ್ತಿತ್ತೋ ಏನೋ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಮೋಟರ್ ಸೈಕಲ್ಲಿನ ಎಂಜಿನ್ನೊಂದು ಎಲ್ಲಿಂದಲೋ ಅವರ ಕೈಗೆ ಸಿಕ್ಕಿತ್ತು. ಬರಿಯ ಎಂಜಿನ್ನು, ಜೊತೆಗೆ ಎರಡು ಚಕ್ರ. ಉಳಿದದ್ದನ್ನೆಲ್ಲ ಅವರೇ ಕಟ್ಟಿದರು. ಕಮ್ಮಾರನ ಕುಲುಮೆಯಲ್ಲಿ ಕೂತು ನೀರಿನ ಪೈಪುಗಳನ್ನು ಬಗ್ಗಿಸಿ ಚೌಕಟ್ಟು ಮಾಡಿಸಿದರು. ಸೀಮೆಎಣ್ಣೆ ಡಬ್ಬಿಯ ತಗಡಿನಿಂದ ಪೆಟ್ರೋಲ್ ಟ್ಯಾಂಕು ಮಾಡಿದರು. ಟ್ಯಾಂಕಿಗೆ ಬಾಯಿ ಬೇಕಲ್ಲ, ಬಿಗಿಯಾಗಿ ಕೂರುವ ಮುಚ್ಚಳ ಬೇಕಲ್ಲ? ಒಂದು ಸಂಜೆ ಜಗಲಿಯಿಂದ ಮಾತು ಬಂತು: "ಅವ್ವಾ, ಆನವಟ್ಟಿಯಿಂದ ಒಂದು ತಿರುಪಿನ ಕೂಜ ಬಂದಿತ್ತಲ್ಲ, ಅದು ದಿನಾ ಬಳಸ್ತಾರೇನು?"

ಅದು ನನ್ನ ಕೂಜ. ಬಸ್ಸಿನಲ್ಲಿ ಹೋಗುವಾಗ ಮಗಳಿಗೆ ಬಾಯಾರಬಾರದು ಎಂದು ಅಪ್ಪ ಕೊಡಿಸಿದ್ದು. ಬಸ್ಸು ಹತ್ತುವ ಭಾಗ್ಯ ವರ್ಷಕ್ಕೊಮ್ಮೆ ತೊಗರ್ಸಿ ಮಲ್ಲಿಕಾರ್ಜುನನ ದರ್ಶನಕ್ಕೆ ಹೋಗುವಾಗ ಮಾತ್ರ. ನಾನು ಕೂಜ ತಂದು ಹೊಸಿಲ ಮೇಲಿಟ್ಟು ಒಳಗೆ ಹೋದೆ. ಅವರು ಅದರ ಕುತ್ತಿಗೆ ಕತ್ತರಿಸಿ ಟ್ಯಾಂಕಿಗೆ ಬೆಸೆದರು, ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಸಣ್ಣ ತೂತು ಕೊರೆದರು. ಆ ತೂತು ಯಾಕೆಂದು ನಾನು ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ಗಾಡಿ ನಿಜಕ್ಕೂ ಓಡಿತು. ಊರವರು ನಕ್ಕರು, ಆಮೇಲೆ ಬೆರಗಾಗಿ ನೋಡಿದರು. ಶಿರಾಳಕೊಪ್ಪದ ಸಂತೆಗೆ ಹೋಗಿ ಒಂದೇ ಉಸಿರಿನಲ್ಲಿ ತಿರುಗಿ ಬಂದ ದಿನ ಭಾವನವರು ಊಟಕ್ಕೆ ಕೂತು ನಕ್ಕಿದ್ದು ನಾನು ಮೊದಲ ಸಲ ಕೇಳಿದೆ. ಆ ಸಂತೆಯಲ್ಲೇ ಸೊರಬದ ಒಬ್ಬ ಸಾಹುಕಾರರು ಗಾಡಿ ಸುತ್ತ ಮೂರು ಸಲ ತಿರುಗಿದ್ದರಂತೆ. ಅವರು ಹೊಸದಾಗಿ ಅಕ್ಕಿ ಗಿರಣಿ ಹಾಕುತ್ತಿದ್ದರು, ಎಂಜಿನ್ ನೋಡಿಕೊಳ್ಳಲು ಜನ ಬೇಕಿತ್ತು. "ಗಿರಣಿ ಪೂಜೆ ದಿನ ಹತ್ತು ಗಂಟೆ ಒಳಗೆ ಇದೇ ಗಾಡಿ ಮೇಲೆ ಬಂದು ಇಳೀರಿ ಮಾರಾಯ್ರೆ, ಎಂಜಿನ್ ಕೋಣೆ ಬೀಗದಕೈ ನಿಮಗೇ. ಇಲ್ಲದಿದ್ರೆ ಹಾವೇರಿಯವನೊಬ್ಬ ಕಾಯ್ತಾ ಇದಾನೆ" ಎಂದಿದ್ದರಂತೆ.

ಮಾವನವರು ಇದನ್ನು ಕೇಳಿ ತಮ್ಮ ಷರತ್ತು ಹೇಳಿದರು.

"ಹೊತ್ತಿಗೆ ಸರಿಯಾಗಿ ಮುಟ್ಟಿದಿ, ಹೋಗು, ನಾ ತಡೆಯಂಗಿಲ್ಲ. ಮುಟ್ಟಲಿಲ್ಲ, ಅದನ್ನ ಬಿಚ್ಚಿ ಹಾಕಿ ಅಂಗಡ್ಯಾಗ ಕೂತ್ಕೊ. ಮತ್ತ ಎಂಜಿನ್ ಮಾತು ಎತ್ತಬ್ಯಾಡ."

"ಆತಪ್ಪ" ಎಂದರು ಭಾವನವರು.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ಹೇಳದಿದ್ದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ನನ್ನ ಗಂಡ ಶಿವಮೊಗ್ಗದಲ್ಲಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದರು. ಸೀಟು ಸಿಕ್ಕರೆ ಅಲ್ಲಿಯೇ ಎರಡು ಕೋಣೆಯ ಮನೆ ಹಿಡಿಯುವುದು, ನಾನೂ ಜೊತೆಗೆ ಹೋಗುವುದು ಎಂದು ನಾವಿಬ್ಬರೂ ಪಿಸುಮಾತಿನಲ್ಲಿ ತೀರ್ಮಾನಿಸಿದ್ದೆವು. ಆದರೆ ಇಬ್ಬರು ಮಕ್ಕಳಲ್ಲಿ ಒಬ್ಬ ಅಂಗಡಿಯಲ್ಲಿ ಇರಲೇಬೇಕು ಎಂಬುದು ಮಾವನವರ ಕಟ್ಟುನಿಟ್ಟು. ಭಾವನವರು ಸೊರಬಕ್ಕೆ ಹೋದರೆ ನನ್ನ ಗಂಡ ಗಾದಿಗೆ, ನಾನು ಬಾಗಿಲ ಹಿಂದೆ, ಕೊನೆಯವರೆಗೆ. ಇದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು.

ಈಗ ಮುಚ್ಚಳದ ವಿಷಯ. ಗಾಡಿ ನಿಲ್ಲುತ್ತಿದ್ದುದು ಪಡಸಾಲೆಯಲ್ಲಿ, ದೇವರ ಮನೆಯ ಪಕ್ಕಕ್ಕೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆಯವರಿಗೆ ಜೀವ ಕೈಯಲ್ಲಿ. ವಿಭೂತಿ ಹಚ್ಚಿಕೊಂಡು ಕೂತರೆ ಊದಿನಕಡ್ಡಿಯ ವಾಸನೆ ಬದಲು ಪೆಟ್ರೋಲ್ ವಾಸನೆ. "ಅದು ದೀಪಕ್ಕ ಹತ್ತಿದ್ರ ಮನೀನೇ ಹೋಗ್ತೈತಿ. ಅವನಿಗೆ ಹೇಳಿದ್ರ ನಗ್ತಾನ. ನೀನಾದ್ರೂ ಏನಾರ ಮಾಡು" ಎಂದರು ನನಗೆ.

ಪ್ರತಿ ಸೋಮವಾರ ದೀಪದ ಕಂಬಗಳ ಜೊತೆ ಆ ಮುಚ್ಚಳವನ್ನೂ ಬೆಳಗುತ್ತಿದ್ದವಳು ನಾನೇ. ಹಿತ್ತಾಳೆ ಕಂಡರೆ ತಿಕ್ಕದೆ ಬಿಡದ ಕೈ ಅದು. ವಾಸನೆ ಬರುತ್ತಿದ್ದುದು ಆ ಸಣ್ಣ ತೂತಿನಿಂದ ಎಂದು ನನಗೆ ಗೊತ್ತಾಗಿತ್ತು. ಅಂಗಡಿಯಲ್ಲಿ ಪಾರ್ಸಲ್ಲಿಗೆ ಮೊಹರು ಹಾಕುವ ಅರಗಿನ ಕಡ್ಡಿ ಇರುತ್ತಿತ್ತು. ಮುಚ್ಚಳ ಅಡುಗೆಮನೆಗೆ ಒಯ್ದು, ತೊಳೆದು ಒಣಗಿಸಿ, ಒಳಭಾಗದಲ್ಲಿ ಒಂದೇ ಹನಿ ಅರಗು ಬಿಟ್ಟೆ. ಅಚ್ಚುಕಟ್ಟಾಗಿ ಕೂತಿತು. ಹೊರಗಿನಿಂದ ನೋಡಿದರೆ ತೂತು ತೂತಿನ ಹಾಗೆಯೇ ಕಾಣುತ್ತಿತ್ತು. ಆವತ್ತು ಸಂಜೆ ವಾಸನೆ ಇರಲಿಲ್ಲ, ಅತ್ತೆಯವರು ನನ್ನನ್ನು ಹೊಗಳಿದರು, ನಾನು ಬೀಗಿದೆ.

ಅದರ ಮಾರನೇ ದಿನದಿಂದ ಗಾಡಿ ಕೆಟ್ಟಿತು.

ಕೆಟ್ಟಿತು ಎಂದರೆ ಪೂರ್ತಿ ಕೆಡಲಿಲ್ಲ, ಅದೇ ಕಷ್ಟ. ಐದಾರು ಮೈಲಿ ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮಿ ನಿಲ್ಲುವುದು. ಭಾವನವರು ಮುಚ್ಚಳ ತೆಗೆದು ಒಳಗೆ ಇಣುಕಿದರೆ ಪೆಟ್ರೋಲ್ ಇದೆ. ಪೈಪು ಬಿಚ್ಚಿ ನೋಡಿದರೆ ಪೆಟ್ರೋಲ್ ಸರಾಗ ಬರುತ್ತಿದೆ. ಕಾರ್ಬುರೇಟರ್ ಬಿಚ್ಚಿ, ಊದಿ, ಒರೆಸಿ ಕೂಡಿಸಿದರೆ ಮತ್ತೆ ಶುರುವಾಗುವುದು. ಮತ್ತೆ ಐದಾರು ಮೈಲಿ… ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆ ಎಂದು ಅನುಮಾನಪಟ್ಟು ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿದರು. ಹನಿ ಆರಿಹೋಯಿತು, ಜಿಡ್ಡು ಉಳಿಯಲಿಲ್ಲ, ಎಂದರೆ ಪೆಟ್ರೋಲ್ ಶುದ್ಧ. ನೀರು ಸೇರಿದೆಯೇ ಎಂದು ಗಾಜಿನ ಲೋಟಕ್ಕೆ ಹಾಕಿ ಬಿಸಿಲಿಗೆ ಹಿಡಿದು ಮನೆಯವರಿಗೆಲ್ಲ ತೋರಿಸಿದರು, ನೀರೂ ಇರಲಿಲ್ಲ. ಅತ್ತೆಯವರ ಕೈಯಲ್ಲಿ ಹಳೆಯ ಮಲ್ ಬಟ್ಟೆ ಕೇಳಿ ತರಿಸಿಕೊಂಡು ನಾಲ್ಕು ಮಡಿಕೆ ಮಾಡಿ ಸೋಸಿದರು. ಆ ಬಟ್ಟೆ ನನ್ನ ಹಳೆಯ ಸೀರೆಯದು.

ಅವರಿಗೆ ತಲೆ ಕೆಟ್ಟದ್ದು ಇನ್ನೊಂದು ಕಾರಣಕ್ಕೆ. ಸಂಜೆ ಜಗಲಿಯಲ್ಲಿ ನನ್ನ ಗಂಡನ ಹತ್ತಿರ ಹೇಳುತ್ತಿದ್ದರು. "ಇದೊಂದು ತಿಳಿವಲ್ದು ನೋಡಪ್ಪ. ಅರ್ಧ ಟ್ಯಾಂಕ್ ಇದ್ರ ಎಂಟು ಮೈಲಿ ಹೋಗ್ತೈತಿ. ತುಂಬಿಸಿದ್ರ ನಾಕೇ ಮೈಲಿಗೆ ನಿಲ್ತೈತಿ. ಹೊಟ್ಟಿ ತುಂಬಿದ್ರ ಸೋಮಾರಿ ಆಗ್ತೈತೋ ಏನೋ." ಅವರು ನಕ್ಕರೂ ದನಿ ಸೋತಿತ್ತು. ಪೂಜೆಗೆ ಒಂದು ವಾರ ಉಳಿದಿತ್ತು. ನಾನು ಬಾಗಿಲ ಹಿಂದೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೇಳುತ್ತಿದ್ದೆ. ಆ ಹೊತ್ತಿಗೆ, ದೇವರಾಣೆಗೂ, ನನಗೆ ಏನೂ ಹೊಳೆದಿರಲಿಲ್ಲ.

ಹೊಳೆದದ್ದು ಪೂಜೆಯ ದಿನ ಬೆಳಿಗ್ಗೆ. ನನ್ನ ಗಂಡ ತರಬೇತಿಯ ಸಂದರ್ಶನಕ್ಕೆಂದು ಹಿಂದಿನ ದಿನವೇ ಶಿವಮೊಗ್ಗದ ಬಸ್ಸು ಹತ್ತಿದ್ದರು. ಭಾವನವರು ಆರೂವರೆಗೆ ಹೊರಡುವವರಿದ್ದರು. ಸೊರಬ ಇಪ್ಪತ್ತು ಇಪ್ಪತ್ತೈದು ಮೈಲಿ, ಮಧ್ಯೆ ನಿಂತು ಸರಿಮಾಡಿಕೊಂಡರೂ ಹತ್ತರೊಳಗೆ ಮುಟ್ಟಿಯೇನು ಎಂಬ ಲೆಕ್ಕ ಅವರದು. ಬುತ್ತಿಗೆ ಒಗ್ಗರಣೆ ಹಾಕಲು ಅತ್ತೆಯವರು ಹೊಸ ಎಣ್ಣೆ ಡಬ್ಬಿ ಒಡೆಯಲು ಹೇಳಿದರು. ಮೊಳೆ ಇಟ್ಟು ಒಂದು ತೂತು ಹೊಡೆದು ಬಗ್ಗಿಸಿದೆ. ಗುಳುಗುಳು ಎಂದು ಸ್ವಲ್ಪ ಬಂತು, ನಿಂತಿತು.

"ಇನ್ನೊಂದು ತೂತು ಹೊಡಿಯೇ. ಗಾಳಿ ಒಳಗ ಹೋಗಾಕ ದಾರಿ ಬ್ಯಾಡೇನು?" ಎಂದರು ಅತ್ತೆಯವರು, ಅಕ್ಕಿ ಆರಿಸುತ್ತಾ.

ಇನ್ನೊಂದು ತೂತು ಹೊಡೆದೆ. ಎಣ್ಣೆ ಧಾರೆಯಾಗಿ ಬಿತ್ತು. ನಾನು ಡಬ್ಬಿ ಕೆಳಗಿಟ್ಟೆ.

ತುಂಬಿದಷ್ಟೂ ಬೇಗ ನಿಲ್ಲುವುದು ಯಾಕೆ, ಮುಚ್ಚಳ ತೆಗೆದು ನೋಡಿದ ಕೂಡಲೇ ಸರಿಯಾಗುವುದು ಯಾಕೆ ಎಲ್ಲವೂ ಒಟ್ಟಿಗೆ ತಿಳಿಯಿತು. ನಾನು ಮುಚ್ಚಿದ ತೂತು ಗಾಳಿಯ ದಾರಿ, ಟ್ಯಾಂಕು ತುಂಬಿದಷ್ಟೂ ಒಳಗೆ ಗಾಳಿ ಕಡಿಮೆ. ಪಾಪ, ಅವರು ಪ್ರತಿ ಸಲವೂ ರೋಗ ನೋಡಲು ಮುಚ್ಚಳ ತೆಗೆಯುತ್ತಿದ್ದರು, ತೆಗೆದ ತಕ್ಷಣ ರೋಗ ವಾಸಿಯಾಗುತ್ತಿತ್ತು. ಗೂಡಿನಲ್ಲಿದ್ದ ಸೂಜಿ ತೆಗೆದುಕೊಂಡು ಬಾಗಿಲಿಗೆ ಬಂದೆ. ಅವರು ಪಡಸಾಲೆಯಲ್ಲಿ ಬಗ್ಗಿ ಟ್ಯಾಂಕಿಗೆ ಪೆಟ್ರೋಲ್ ಹುಯ್ಯುತ್ತಿದ್ದರು, ಸೊರಬದವರೆಗೆ ಕಡಿಮೆ ಬೀಳಬಾರದೆಂದು ಕಂಠಮಟ್ಟ. ಮಾವನವರು ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದರು. ಮುಚ್ಚಳ ಅಡುಗೆಮನೆಯ ಹೊಸಿಲ ಮೇಲಿತ್ತು, ನನ್ನ ಕೈಗೆ ಎಟಕುವ ಹಾಗೆ.

ಮಾತಾಡುವ ಅಗತ್ಯವೇ ಇರಲಿಲ್ಲ. ಮುಚ್ಚಳ ಎತ್ತಿಕೊಂಡು ಸೂಜಿ ಕಾಯಿಸಿ ಚುಚ್ಚಿದ್ದರೆ ಸಾಕಿತ್ತು. ಅಥವಾ ಹಿಂದೆ ತಿರುಗಿ ಅತ್ತೆಯವರಿಗೆ ಒಂದು ಮಾತು… ಬಹಳ ವರ್ಷ ನಾನು ನನಗೇ ಹೇಳಿಕೊಂಡೆ, ಆ ಕಾಲದ ಪದ್ಧತಿ ಹಾಗಿತ್ತು, ಭಾವನ ಎದುರು ಸೊಸೆ ಹೇಗೆ ಬಾಯಿಬಿಡುತ್ತಾಳೆ ಎಂದು. ಪದ್ಧತಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಸತ್ಯವೆಂದರೆ ಆ ಹೊತ್ತಿಗೆ ನನ್ನ ಕಣ್ಣಿಗೆ ಕಂಡದ್ದು ಶಿವಮೊಗ್ಗದ ಎರಡು ಕೋಣೆಯ ಮನೆ. ಯಾರ ಕೆಮ್ಮಿಗೂ ಸರಿದು ನಿಲ್ಲಬೇಕಾಗಿಲ್ಲದ ಮನೆ, ರಸ್ತೆಗೆ ಒಂದು ಕಿಟಕಿ ಇರುವ ಮನೆ. ಸೂಜಿ ಕೈಯಲ್ಲೇ ಇತ್ತು. ಭಾವನವರು ಮುಚ್ಚಳ ಎತ್ತಿಕೊಂಡು ತಿರುಪು ಬಿಗಿ ಮಾಡಿದರು. ಒಂದು ಹನಿಯೂ ತುಳುಕಬಾರದೆಂದು ಇನ್ನೊಂದು ಸುತ್ತು ಬಿಗಿ ಮಾಡಿದರು.

"ಅವ್ವಾ, ಬರ್ತೀನಿ" ಎಂದರು. ಅದರಲ್ಲಿ ನನಗೂ ಪಾಲಿತ್ತು ಎಂದು ಗೊತ್ತಿತ್ತು.

ಆ ದಿನ ಎಷ್ಟು ಉದ್ದವಾಗಿತ್ತೆಂದರೆ… ಗಡಿಯಾರ ಹತ್ತು ಹೊಡೆದಾಗ ನಾನು ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆ ಹಿಡಿದು ನಿಂತೆ. ಹೇಗಾದರೂ ಮುಟ್ಟಿರಲಿ ಎಂದು ದೇವರಲ್ಲಿ ಬೇಡಿಕೊಂಡೆ, ಬೇಡಿಕೊಂಡ ಬಾಯಲ್ಲೇ ಮುಟ್ಟದಿರಲಿ ಎಂದೂ ಅಂದುಕೊಂಡೆ. ಮಧ್ಯಾಹ್ನ ಊಟ ಸೇರಲಿಲ್ಲ. ಅತ್ತೆಯವರು ನನಗೆ ಮೈ ಹುಷಾರಿಲ್ಲ ಎಂದುಕೊಂಡು ಮಜ್ಜಿಗೆಗೆ ಇಂಗು ಹಾಕಿ ಕೊಟ್ಟರು.

ಸಂಜೆ ಐದರ ಸುಮಾರಿಗೆ ಎಂಜಿನ್ ಸದ್ದು ಕೇಳಿತು. ದೂರದಿಂದ ಬೀದಿಯ ತುದಿಯವರೆಗೆ, ಬೀದಿಯ ತುದಿಯಿಂದ ಮನೆಯವರೆಗೆ, ಎಲ್ಲೂ ಕೆಮ್ಮಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಟ್ಯಾಂಕಿನ ಬಾಯಿಗೆ ಮುಚ್ಚಳ ಇರಲಿಲ್ಲ, ಕರವಸ್ತ್ರ ಕಟ್ಟಿತ್ತು.

ಅವರು ಜಗಲಿಯಲ್ಲಿ ಮಾವನವರಿಗೆ ಹೇಳಿದ್ದು ಎರಡೇ ಮಾತು. ದಾರಿಯಲ್ಲಿ ಆರು ಸಲ ನಿಂತಿತು, ಸೊರಬ ಮುಟ್ಟುವಾಗ ಹನ್ನೊಂದೂವರೆ, ಪೂಜೆ ಮುಗಿದು ಬೀಗದಕೈ ಹಾವೇರಿಯವನ ಸೊಂಟದಲ್ಲಿತ್ತು. ವಾಪಸು ಹೊರಡುವಾಗ ಬೇಸರದಲ್ಲಿ ಮುಚ್ಚಳ ಅಂಗಿ ಜೇಬಿನಲ್ಲೇ ಮರೆತು ಕರವಸ್ತ್ರ ಕಟ್ಟಿಕೊಂಡು ಬಂದಿದ್ದಾರೆ ಎಂದು ನಾನು ಊಹಿಸಿಕೊಂಡೆ. ಬರುವಾಗ ಗಾಡಿ ಒಂದು ಸಲವೂ ನಿಂತಿರಲಿಲ್ಲ.

ಮಾವನವರು ಒಳಗೆ ಹೋದ ಮೇಲೆ ಅವರು ಅಂಗಳದಲ್ಲಿ ಒಬ್ಬರೇ ನಿಂತರು. ಜೇಬಿನಿಂದ ಮುಚ್ಚಳ ತೆಗೆದು ಆಕಾಶಕ್ಕೆ ಹಿಡಿದು ನೋಡಿದರು. ತಂತಿಯ ತುಂಡೊಂದನ್ನು ತೂತಿಗೆ ಹಾಕಿದರು, ಹೋಗಲಿಲ್ಲ. ಮಗುಚಿ ಹೆಬ್ಬೆರಳಿನಿಂದ ಸವರಿದರು. ಆ ಅಚ್ಚುಕಟ್ಟು ಯಾರದೆಂದು ತಿಳಿಯಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಅಡುಗೆಮನೆಯ ಕಡೆ ತಿರುಗಿ ನೋಡಿದರು. ನಾನು ಬಾಗಿಲ ಹಿಂದೆ ಇನ್ನಷ್ಟು ಒಳಗೆ ಸರಿದೆ. ಈಗ ಹೇಳುತ್ತಾರೆ, ಮಾವನವರು ಅಪ್ಪನಿಗೆ ಹೇಳಿಕಳಿಸುತ್ತಾರೆ, ನಾಳೆಯೇ ನಾನು ಆನವಟ್ಟಿಯ ಬಸ್ಸಿನಲ್ಲಿ…

ಮಾವನವರು ಕೈಕಾಲು ತೊಳೆದು ಬಂದು ಕೇಳಿದರು. "ಕಡೀಗೆ ಏನಾಗಿತ್ತದು, ಗೊತ್ತಾತೇನು?"

"ಪೆಟ್ರೋಲ್‌ನಾಗ ನೀರು ಸೇರಿತ್ತಪ್ಪ" ಎಂದರು ಭಾವನವರು.

ಲೋಟದಲ್ಲಿ ಹಾಕಿ ಬಿಸಿಲಿಗೆ ಹಿಡಿದು, ನೀರಿಲ್ಲ ಎಂದು ಇಡೀ ಮನೆಗೆ ತೋರಿಸಿದ್ದವರು ಅವರೇ. ಆಮೇಲೆ ಹೊಸಿಲ ಹತ್ತಿರ ಬಂದು ಮುಚ್ಚಳ ಇಟ್ಟರು, ಅರಗಿನ ಕಡೆ ಮೇಲೆ ಮಾಡಿ. "ಅವ್ವಾ, ಇದು ಆನವಟ್ಟೀದು. ಒಳಗ ಇಟ್ಕೊಳ್ಳಾಕ ಹೇಳು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ಒಂದು ವಾರ ಕೂತು ಅವರು ಗಾಡಿ ಬಿಚ್ಚಿದರು. ಒಂದೊಂದು ಭಾಗವನ್ನೂ ತೊಳೆದು, ಒರೆಸಿ, ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು, ಕೊನೆಗೆ ಎಲ್ಲ ಹಳೆಯ ಕಬ್ಬಿಣದವರಿಗೆ ಹಾಕಿದರು. ಅಂಗಡಿಯ ಗಾದಿಯ ಮೇಲೆ ಕೂತವರು ಮತ್ತೆ ಬಸ್ಸು ಕೆಟ್ಟರೂ ಎದ್ದು ಹೋಗಲಿಲ್ಲವಂತೆ. ನನ್ನ ಗಂಡನಿಗೆ ಸೀಟು ಸಿಕ್ಕಿತು. ನಮಗೆ ಎರಡು ಕೋಣೆಯ ಮನೆಯೂ ಸಿಕ್ಕಿತು, ರಸ್ತೆಗೆ ಕಿಟಕಿಯೂ ಇತ್ತು. ಆ ಕಿಟಕಿಯಲ್ಲಿ ನಿಂತು ಮೋಟರ್ ಸೈಕಲ್ ಸದ್ದು ಕೇಳಿದಾಗಲೆಲ್ಲ ನಾನು ಒಳಗೆ ಸರಿಯುತ್ತಿದ್ದೆ. ಬಾಗಿಲ ಹಿಂದೆ ನಿಲ್ಲುವುದು ನನಗೆ ತಪ್ಪಲೇ ಇಲ್ಲ.

ವರ್ಷಕ್ಕೆರಡು ಸಲ ಭಾವನವರು ಶಿವಮೊಗ್ಗಕ್ಕೆ ಬರುತ್ತಿದ್ದರು, ಬಾಳೆಲೆಯಲ್ಲಿ ಕಟ್ಟಿದ ಬೆಲ್ಲ ತರುತ್ತಿದ್ದರು. ಕಾಲ ಬದಲಾಗಿತ್ತು, ನಾನೇ ಎದುರು ನಿಂತು ಬಡಿಸುತ್ತಿದ್ದೆ, "ಇನ್ನಷ್ಟು ಹಾಕ್ಲೇನ್ರಿ" ಎಂದು ಕೇಳುವಷ್ಟು ಧೈರ್ಯ ಬಂದಿತ್ತು. ಒಮ್ಮೆ ಊಟದ ಮಧ್ಯೆ ನನ್ನ ಗಂಡ, "ಅಣ್ಣಾ, ಆ ಗಾಡಿಗೆ ನಿಜವಾಗಿ ಏನಾಗಿತ್ತು?" ಎಂದರು. ನನ್ನ ಕೈಯಲ್ಲಿ ಸೌಟಿತ್ತು. ಭಾವನವರು ಎಲೆಯಿಂದ ತಲೆ ಎತ್ತಲಿಲ್ಲ. "ಅವತ್ತೇ ಹೇಳಿದ್ನಲ್ಲಪ್ಪ, ನೀರು" ಎಂದು, "ಸಾರು ಚಲೋ ಆಗೇತಿ" ಎಂದರು. ಈ ಸಲ ಮಧ್ಯೆ ಅತ್ತೆಯವರಿರಲಿಲ್ಲ. ನೇರವಾಗಿ ನನಗೇ ಹೇಳಿದರು. ಹೇಳುವುದಿದ್ದರೆ ನಾನು ಆಗ ಹೇಳಬೇಕಿತ್ತು. ಇನ್ನೊಂದು ಸೌಟು ಬಡಿಸಿದೆ.

ಅವರು ಹೋಗಿ ಈಗ ಹನ್ನೊಂದು ವರ್ಷ. ಮಂಡಿಯ ಗಾದಿಯ ಮೇಲೆ ಕೂತಲ್ಲೇ ಹೋದರು. ನನ್ನ ಗಂಡನೂ ಇಲ್ಲ, ಈ ಮಾತು ಗೊತ್ತಿಲ್ಲದೆಯೇ ಹೋದರು.

ಪಾತ್ರೆಯವನು ಹೋದ ಮೇಲೆ ಬಾಗಿಲು ಹಾಕಿ ಬಂದೆ. ಗ್ಯಾಸ್ ಒಲೆ ಹಚ್ಚಿ, ಇಕ್ಕಳದಲ್ಲಿ ಸೂಜಿ ಹಿಡಿದು ಕಾಯಿಸಿ, ಆ ಚುಕ್ಕೆಗೆ ಒತ್ತಿದೆ. ಅರಗಿನ ವಾಸನೆ ಬಂತು, ಸೂಜಿ ಆಚೆಗೆ ಹೋಯಿತು. ಮುಚ್ಚಳ ಕಿಟಕಿಗೆ ಹಿಡಿದು ನೋಡಿದೆ. ಸಣ್ಣ ಬೆಳಕು ಕಂಡಿತು. ಸೂಜಿ ಕಾಯಿಸುವ ಮೊದಲು ಪಕ್ಕದ ಉರಿಯ ಮೇಲೆ ಹಾಲಿಟ್ಟಿದ್ದೆ, ಅದಿನ್ನೂ ಬಿಸಿಯೂ ಆಗಿರಲಿಲ್ಲ. ಅಷ್ಟೇ ಹೊತ್ತಿನ ಕೆಲಸ.